ದೂರು ಹೊಟ್ಟೆಯದು, ಗಡ್ಡೆ ಬೆನ್ನಿನ ಬುಡದ್ದು

ಮಕ್ಕಳ ಬೆನ್ನಿನ ಬುಡದಲ್ಲಿ ಕಾಣಿಸಿಕೊಳ್ಳುವ ಗಡ್ಡೆಗಳ ಸುದ್ದಿ ಎರಡು ಬಗೆಯಲ್ಲಿ ಬರುತ್ತದೆ. 'ಬಾಲವಿರುವ ಮಗು ಜನನ', 'ಕೂಸಿನ ಬೆನ್ನಲ್ಲಿ ಇನ್ನೊಂದು ಭ್ರೂಣ' ಎಂಬಂಥ ತಲೆಬರಹದ ಸುದ್ದಿ ಮೊದಲನೆಯದು. ಅದರ ಕೊನೆಗೆ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು ಎಂಬ ಸಾಲೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ತಿಂಗಳುಗಟ್ಟಲೆ ಮಲಬದ್ಧತೆಗೆ ಔಷಧ ಕುಡಿದ ಮಗುವಿಗೆ ಕೊನೆಗೊಂದು ದಿನ ಗಡ್ಡೆ ಪತ್ತೆಯಾಯಿತು ಎನ್ನುವುದು ಎರಡನೆಯ ಬಗೆ. ಮೊದಲನೆಯದನ್ನು ಓದಿದವರು ಬೆರಗಾಗುತ್ತಾರೆ. ಎರಡನೆಯದನ್ನು ಓದಿದವರಿಗೆ ಸಿಟ್ಟು ಬರುತ್ತದೆ. ಮನೆಯಲ್ಲಿ ಮಲಬದ್ಧತೆಯ ಮಗುವಿದ್ದರೆ ಆ ರಾತ್ರಿ ನಿದ್ದೆಯೂ ಬರುವುದಿಲ್ಲ.

ಎರಡೂ ಒಂದೇ ಜಾಗದ ಕತೆ, ಕೆಲವೊಮ್ಮೆ ಒಂದೇ ಗಡ್ಡೆಯ ಕತೆ ಎಂಬುದು ಸುದ್ದಿಯಲ್ಲಿ ಕಾಣುವುದಿಲ್ಲ. ಹೊರಗೆ ಬೆಳೆದರೆ ಹುಟ್ಟಿದ ಗಳಿಗೆಯಲ್ಲೇ ಕಣ್ಣಿಗೆ ಬೀಳುವ ಗಡ್ಡೆ, ಒಳಗೆ ಬೆಳೆದರೆ ಎರಡು ಮೂರು ವರ್ಷ ಯಾರಿಗೂ ಸುಳಿವು ಕೊಡದೆ ಇರಬಲ್ಲದು. 'ಇಷ್ಟು ದಿನ ಹೇಗೆ ಗೊತ್ತಾಗಲಿಲ್ಲ? ಮೊದಲೇ ಒಂದು ಎಂಆರ್‌ಐ ಮಾಡಿಸಿದ್ದರೆ ಆಗುತ್ತಿರಲಿಲ್ಲವೇ?' ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಯಂತ್ರದ ಕಡೆಗಿಂತ ಹೆಚ್ಚಾಗಿ ಬೇರೆ ಕಡೆ ಇದೆ. ಈ ಗಡ್ಡೆಗಳು ತಾವಿರುವ ಜಾಗದಿಂದ ದೂರು ಕೊಡುವುದಿಲ್ಲ. ಹೊಟ್ಟೆ, ಮೂತ್ರ, ಕಾಲು ಇವುಗಳ ಬಾಯಿಂದ ಮಾತಾಡುತ್ತವೆ. ಒಂದೊಂದು ದೂರೂ ಒಬ್ಬೊಬ್ಬ ವೈದ್ಯರ ಮುಂದೆ ಹೋಗಿ ಬೀಳುತ್ತದೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡುವವರು ಸಿಗುವವರೆಗೂ ರೋಗದ ಗುರುತು ಹತ್ತುವುದಿಲ್ಲ.

ಇಕ್ಕಟ್ಟಿನ ಜಾಗ

ಬೆನ್ನೆಲುಬಿನ ತುದಿಯಲ್ಲಿ ತ್ರಿಕಾಸ್ಥಿ ಇದೆ, ಅದರ ಕೆಳಗೆ ಬಾಲಮೂಳೆ. ತ್ರಿಕಾಸ್ಥಿಯ ಮುಂದೆ ಗುದನಾಳ, ಅದರ ಮುಂದೆ ಮೂತ್ರಕೋಶ. ಬೆನ್ನುಹುರಿ ಇಷ್ಟು ಕೆಳಗೆ ಬರುವುದಿಲ್ಲ. ಸೊಂಟದ ಮೊದಲ ಅಥವಾ ಎರಡನೇ ಕಶೇರುಕದ ಆಸುಪಾಸಿನಲ್ಲೇ ಅದು ಮುಗಿದು, ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಕಟ್ಟೊಂದು ಇಳಿಯುತ್ತದೆ. ಅದರಲ್ಲಿ ತ್ರಿಕಾಸ್ಥಿಯ ಎರಡು, ಮೂರು, ನಾಲ್ಕನೇ ನರಗಳು ಮಲಮೂತ್ರದ ಹಿಡಿತ ನೋಡಿಕೊಳ್ಳುತ್ತವೆ. ಅವಕ್ಕಿಂತ ಸ್ವಲ್ಪ ಮೇಲಿನವು ಪಾದವನ್ನು ಎತ್ತುತ್ತವೆ, ಇಳಿಸುತ್ತವೆ.

ಇಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಬೆಳೆದರೂ ಅದು ಮೊದಲು ಒತ್ತುವುದು ಮೆತ್ತಗಿರುವುದನ್ನು. ಗುದನಾಳ ಮುಂದಕ್ಕೆ ಸರಿದು ಚಪ್ಪಟೆಯಾಗುತ್ತದೆ, ಆಗ ಮಲಬದ್ಧತೆ. ಮೂತ್ರಕೋಶದ ಕೊರಳು ಅಮುಕಿಹೋದರೆ ಮೂತ್ರ ಪೂರ್ತಿ ಖಾಲಿಯಾಗದೆ ಮೇಲಿಂದ ಮೇಲೆ ಸೋಂಕು. ನರ ಸಿಕ್ಕಿಕೊಂಡರೆ ನಡಿಗೆಯಲ್ಲಿ ಎಡವು, ತೊಡೆಯ ಹಿಂಭಾಗದಲ್ಲಿ ನೋವು. ಬೆನ್ನುನೋವು ಬರಲೇಬೇಕೆಂದಿಲ್ಲ. ಬಂದರೂ ಎರಡು ವರ್ಷದ ಮಗು 'ಬೆನ್ನು ನೋಯುತ್ತದೆ' ಎಂದು ಹೇಳುವುದಿಲ್ಲ. ಎತ್ತಿಕೋ ಎನ್ನುತ್ತದೆ, ನಡೆಯುವುದಿಲ್ಲ ಎಂದು ಹಟ ಮಾಡುತ್ತದೆ, ರಾತ್ರಿ ಎದ್ದು ಅಳುತ್ತದೆ.

ಹತ್ತು ಹೆಸರಿನ ಕಾಯಿಲೆ

'ಬೆನ್ನಿನ ಬುಡದ ಗಡ್ಡೆ' ಎಂಬ ಹೆಸರಿನ ಒಂದು ರೋಗವಿಲ್ಲ. ಆ ಜಾಗದಲ್ಲಿ ಏನು ಬೆಳೆದಿದೆ ಎಂಬುದು ಬಹುಪಾಲು ಮಗುವಿನ ವಯಸ್ಸಿನ ಮೇಲೆ ನಿಂತಿದೆ. ನವಜಾತ ಶಿಶುವಿನಲ್ಲಿ ಮೊದಲು ನೆನಪಾಗಬೇಕಾದದ್ದು ಟೆರಟೋಮಾ, ಅಂದರೆ ಭ್ರೂಣಕಾಲದಲ್ಲಿ ಕರಗದೆ ಉಳಿದ ಕೋಶಗಳ ಗಡ್ಡೆ. ಒಂದೆರಡು ವರ್ಷದ ಮಗುವಿನಲ್ಲಿ ಅದೇ ಟೆರಟೋಮಾದ ಕ್ಯಾನ್ಸರ್ ರೂಪ ಅಥವಾ ನರಮೂಲದ ನ್ಯೂರೋಬ್ಲಾಸ್ಟೋಮಾ. ಹತ್ತು ದಾಟಿದವರಲ್ಲಿ ಮೂಳೆಯಿಂದಲೇ ಹೊರಡುವ ಯೂಯಿಂಗ್ ಸಾರ್ಕೋಮಾ, ರಕ್ತ ತುಂಬಿದ ಮೂಳೆ ಚೀಲಗಳು, ಬೆನ್ನುಹುರಿಯ ತುದಿಯಿಂದ ನರಕಟ್ಟಿನ ನಡುವೆ ಇಳಿಯುವ ತೆಳು ದಾರದಲ್ಲಿ ಬೆಳೆಯುವ ಮಿಕ್ಸೋಪ್ಯಾಪಿಲ್ಲರಿ ಎಪೆಂಡಿಮೋಮಾ. ಕಾರ್ಡೋಮಾ ಎಂಬ ಮೂಳೆಯ ಕ್ಯಾನ್ಸರ್ ಎಲ್ಲ ವಯಸ್ಸಿನವರನ್ನೂ ಸೇರಿಸಿ ಲೆಕ್ಕ ಹಾಕಿದರೂ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಮಕ್ಕಳಲ್ಲಿ ಇನ್ನೂ ಅಪರೂಪ, ಬಂದರೂ ಹೆಚ್ಚಾಗಿ ತಲೆಬುರುಡೆಯ ತಳದಲ್ಲಿ. ಇವುಗಳ ಜೊತೆಗೆ ಗಡ್ಡೆಯೇ ಅಲ್ಲದ, ಗಡ್ಡೆಯಂತೆ ಕಾಣುವವೂ ಇವೆ: ಕೀವು ಕಟ್ಟಿದ ಸೋಂಕು, ಬೆನ್ನುಹುರಿಯ ಪೊರೆ ಮುಂದಕ್ಕೆ ಉಬ್ಬಿದ ನೀರಿನ ಚೀಲ, ಕೊಬ್ಬಿನ ಉಂಡೆ.

ಇವುಗಳಲ್ಲಿ ಕೆಲವನ್ನು ಇಡಿಯಾಗಿ ತೆಗೆದರೆ ಸಾಕು. ಕೆಲವಕ್ಕೆ ಮೊದಲು ಕಿಮೋಥೆರಪಿ, ಆಮೇಲೆ ಕತ್ತಿ. ಇನ್ನು ಕೆಲವನ್ನು ಮುಟ್ಟದೆ ಬಿಡುವುದೇ ಒಳ್ಳೆಯದು. ಹೆಸರು ತಪ್ಪಿದರೆ ಚಿಕಿತ್ಸೆಯ ಕ್ರಮವೂ ತಪ್ಪುತ್ತದೆ. ಹಾಗಾಗಿ 'ಗಡ್ಡೆ ಸಿಕ್ಕಿತು' ಎಂಬಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ.

ಕಣ್ಣಿಗೆ ಬೀಳುವುದು, ಬೀಳದಿರುವುದು

ಬಾಲಮೂಳೆಯ ಟೆರಟೋಮಾವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಳಿದ ಗೊಂದಲಗಳ ಬೀಗದ ಕೈ ಇಲ್ಲೇ ಇದೆ.

ಜೀವಂತವಾಗಿ ಹುಟ್ಟುವ ಸುಮಾರು 35,000ದಿಂದ 40,000 ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ನವಜಾತ ಶಿಶುಗಳಲ್ಲಿ ಕಾಣುವ ಗಡ್ಡೆಗಳಲ್ಲೆಲ್ಲ ಇದೇ ಹೆಚ್ಚು ಸಾಮಾನ್ಯ. ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಮೂರ್ನಾಲ್ಕು ಪಟ್ಟು ಜಾಸ್ತಿ. ಭ್ರೂಣದ ದೇಹ ರೂಪುಗೊಳ್ಳುವ ಮೊದಲ ವಾರಗಳಲ್ಲಿ, ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಕೋಶಗಳ ಗುಂಪೊಂದು ಬಾಲದ ತುದಿಯ ಕಡೆ ಸರಿದು ಕರಗಿಹೋಗಬೇಕು. ಕರಗದೆ ಉಳಿದರೆ ಅಲ್ಲೇ ಬೆಳೆಯತೊಡಗುತ್ತದೆ. ಒಳಗೆ ಕೂದಲು, ಕೊಬ್ಬು, ಮೃದ್ವಸ್ಥಿ, ಒಮ್ಮೊಮ್ಮೆ ಹಲ್ಲು ಸಿಗುವುದು ಇದೇ ಕಾರಣಕ್ಕೆ. ಹಲ್ಲು ಸಿಕ್ಕಿದ ತಕ್ಷಣ ಅದು 'ಅವಳಿ ಭ್ರೂಣ' ಆಗುವುದಿಲ್ಲ. ತಲೆಬರಹ ಬರೆಯುವವರಿಗೆ ಈ ಮಾತು ರುಚಿಸದಿರಬಹುದು.

ಆಲ್ಟ್‌ಮನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಈ ಗಡ್ಡೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದೇ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮೊದಲ ಬಗೆಯದು ಹೆಚ್ಚುಕಡಿಮೆ ಪೂರ್ತಿ ಹೊರಗೆ, ನಾಲ್ಕನೆಯದು ಪೂರ್ತಿ ಒಳಗೆ, ನಡುವಿನ ಎರಡು ಬಗೆಯವು ಪಾಲು ಹಂಚಿಕೊಂಡಂತೆ. ಪೂರ್ತಿ ಒಳಗಿರುವವು ನೂರಕ್ಕೆ ಸುಮಾರು ಹತ್ತು. ಹೊರಗಿನದ್ದು ಸೂಲಗಿತ್ತಿಯ ಕಣ್ಣಿಗೂ ಬೀಳುತ್ತದೆ. ಈಗಂತೂ ಬಸಿರಿನ ಐದನೇ ತಿಂಗಳ ಆಸುಪಾಸಿನ ಸ್ಕ್ಯಾನಿನಲ್ಲೇ ಬಹಳಷ್ಟು ಪತ್ತೆಯಾಗುತ್ತವೆ. ಆಗ ಗಡ್ಡೆಗೆ ಹರಿಯುವ ರಕ್ತ ಎಷ್ಟು, ಭ್ರೂಣದ ಹೃದಯ ಸೋಲುತ್ತಿದೆಯೇ, ಮೈಯಲ್ಲಿ ನೀರು ತುಂಬುತ್ತಿದೆಯೇ ಎಂದು ಪದೇ ಪದೇ ನೋಡುತ್ತಾರೆ. ದೊಡ್ಡದಿದ್ದರೆ ಹೆರಿಗೆಯ ವೇಳೆ ಒಡೆದು ರಕ್ತಸ್ರಾವವಾಗುವ ಭಯದಿಂದ ಸಿಸೇರಿಯನ್ ಆರಿಸಿಕೊಳ್ಳುತ್ತಾರೆ. ಒಳಗಿನ ಗಡ್ಡೆ ಈ ಜರಡಿಯಲ್ಲೆಲ್ಲ ಸೋರಿಹೋಗಬಹುದು. ಮಗು ಆರೋಗ್ಯವಾಗಿ ಹುಟ್ಟುತ್ತದೆ, ಹಾಲು ಕುಡಿಯುತ್ತದೆ, ಬೆಳೆಯುತ್ತದೆ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಹೆಚ್ಚು ಕಳವಳದ್ದು. ಎರಡು ತಿಂಗಳೊಳಗೆ ಪತ್ತೆಯಾದ ಗಡ್ಡೆಗಳಲ್ಲಿ ಕ್ಯಾನ್ಸರ್ ಇದ್ದದ್ದು ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 7, ಗಂಡುಮಕ್ಕಳಲ್ಲಿ ಸುಮಾರು 10. ಎರಡು ತಿಂಗಳ ನಂತರ ಪತ್ತೆಯಾದವುಗಳಲ್ಲಿ ಇದು ಕ್ರಮವಾಗಿ 48 ಮತ್ತು 67. ಎಷ್ಟು ತಡವೋ ಅಷ್ಟು ಅಪಾಯ ಎಂದು ಪಠ್ಯಪುಸ್ತಕಗಳು ಇದನ್ನು ಉದ್ಧರಿಸುತ್ತವೆ. ಆದರೆ ಈ ಅಂಕಿಯನ್ನು ಎರಡು ರೀತಿ ಓದಬಹುದು. ಸಾಧು ಗಡ್ಡೆ, ಅಂದರೆ ಕ್ಯಾನ್ಸರ್ ಅಲ್ಲದ್ದು, ದಿನ ಕಳೆದಂತೆ ಕ್ಯಾನ್ಸರಾಗಿ ತಿರುಗುತ್ತದೆ ಎಂಬುದು ಒಂದು ಓದು. ಒಳಗೆ ಅಡಗಿರುವ ಸಾಧು ಗಡ್ಡೆ ತೊಂದರೆ ಕೊಡದೆ ಹಾಗೇ ಇರುತ್ತದೆ, ಕ್ಯಾನ್ಸರಿನದ್ದು ಭರದಿಂದ ಬೆಳೆದು ದೂರು ತರುತ್ತದೆ, ಹಾಗಾಗಿ ತಡವಾಗಿ ಕೈಗೆ ಸಿಗುವವುಗಳಲ್ಲಿ ಕ್ಯಾನ್ಸರಿನವೇ ಹೆಚ್ಚು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಪೂರ್ತಿ ತೆಗೆಯದೆ ಉಳಿದ ಸಾಧು ಗಡ್ಡೆ ಮುಂದೆ ಕ್ಯಾನ್ಸರಾಗಿ ಮರಳಿದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ಸಾಕಷ್ಟಿವೆ, ಹಾಗಾಗಿ ಮೊದಲ ಓದನ್ನು ತಳ್ಳಿಹಾಕುವಂತಿಲ್ಲ. ಆದರೆ ತಂದೆತಾಯಿಗೆ 'ಮೂರು ತಿಂಗಳು ಮೊದಲು ಬಂದಿದ್ದರೆ ಇದು ಕ್ಯಾನ್ಸರ್ ಆಗುತ್ತಲೇ ಇರಲಿಲ್ಲ' ಎಂದು ಹೇಳಲು ಈ ಅಂಕಿ ಸಾಕಾಗುವುದಿಲ್ಲ. ಹಾಗೆ ಹೇಳುವುದು ಲೆಕ್ಕದ ದೃಷ್ಟಿಯಿಂದ ತಪ್ಪು, ಕ್ರೌರ್ಯವೂ ಹೌದು.

ಔಷಧ ಕೆಲಸ ಮಾಡುವುದೇ ದಾರಿ ತಪ್ಪಿಸಿದಾಗ

ತಡವಾಗುವುದು ಎಲ್ಲಿ? ಮಲಬದ್ಧತೆಯ ಮಗುವಿಗೆ ಮಲ ಸಡಿಲಿಸುವ ಔಷಧ ಕೊಡುತ್ತಾರೆ. ಗಡ್ಡೆಯಿಂದ ಕಿರಿದಾದ ದಾರಿಯಲ್ಲೂ ತೆಳುವಾದ ಮಲ ಹೊರಬರುತ್ತದೆ. ಮಗು ಗೆಲುವಾಗುತ್ತದೆ. ಔಷಧ ಕೆಲಸ ಮಾಡಿತು, ಹಾಗಾದರೆ ಊಹೆ ಸರಿ ಎಂದು ಎಲ್ಲರೂ ನಂಬುತ್ತಾರೆ. ತಿಂಗಳ ನಂತರ ಮತ್ತೆ ಅದೇ ದೂರು ಬಂದರೆ ಔಷಧದ ಪ್ರಮಾಣ ಏರುತ್ತದೆ. ಮೂಳೆಯ ಗಡ್ಡೆಗಳಲ್ಲೂ ಇದೇ ಆಟ. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಪುಟ್ಟ ಸಾಧು ಗಡ್ಡೆಯ ರಾತ್ರಿನೋವು ಐಬುಪ್ರೊಫೇನ್‌ನಂಥ ಮಾತ್ರೆಗೆ ಎಷ್ಟು ಚೆನ್ನಾಗಿ ಬಗ್ಗುತ್ತದೆಂದರೆ, ಅದು ಬಗ್ಗುವುದೇ ಒಂದು ಸುಳಿವು. ಆದರೆ ಮನೆಯವರು ಅದನ್ನು ಗುಣವಾದಂತೆ ಎಣಿಸುತ್ತಾರೆ. ಯೂಯಿಂಗ್ ಸಾರ್ಕೋಮಾದಲ್ಲಿ ಜ್ವರ ಬಂದುಹೋಗುತ್ತದೆ, ರಕ್ತದಲ್ಲಿ ಉರಿಯೂತದ ಅಂಕಿ ಏರಿರುತ್ತದೆ. ಸೋಂಕು ಎಂದು ಆಂಟಿಬಯಾಟಿಕ್ ಕೊಟ್ಟ ಹೊತ್ತಿಗೆ ಜ್ವರ ತಾನಾಗಿ ಇಳಿದರೆ ಕೀರ್ತಿ ಔಷಧಕ್ಕೆ ಸಲ್ಲುತ್ತದೆ.

ಇನ್ನು ಎಕ್ಸ್‌ರೇ. ಚಿಕ್ಕ ಮಕ್ಕಳಲ್ಲಿ ತ್ರಿಕಾಸ್ಥಿಯ ಎಷ್ಟೋ ಭಾಗ ಇನ್ನೂ ಮೃದ್ವಸ್ಥಿ, ಅದು ಚಿತ್ರದಲ್ಲಿ ಮೂಡುವುದೇ ಇಲ್ಲ. ಮೂಡಿದ ಭಾಗದ ಮುಂದೆ ಕರುಳಿನ ಗಾಳಿ ಮತ್ತು ಮಲದ ನೆರಳು. ಮೂಳೆಯ ಸುಣ್ಣ ಮೂರನೇ ಒಂದು ಪಾಲಿನಷ್ಟಾದರೂ ಸವೆಯದೆ ಎಕ್ಸ್‌ರೇಯಲ್ಲಿ ತೂತು ಕಾಣುವುದು ಕಷ್ಟ. 'ಎಕ್ಸ್‌ರೇ ನಾರ್ಮಲ್' ಎಂಬ ಚೀಟಿ ಈ ಜಾಗದ ಮಟ್ಟಿಗೆ ಬಹಳ ಕಡಿಮೆ ಹೇಳುತ್ತದೆ. ಆದರೂ ಆ ಚೀಟಿ ಕಡತ ಸೇರಿದ ಮೇಲೆ ಮುಂದಿನ ವೈದ್ಯರು ಬೆನ್ನಿನ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂದೇ ಭಾವಿಸುತ್ತಾರೆ.

ಕಡಿಮೆ ಖರ್ಚಿನ, ಹೆಚ್ಚು ಹೇಳುವ ಪರೀಕ್ಷೆಯೊಂದಿದೆ. ಮಗುವಿನ ಬಟ್ಟೆ ಬಿಚ್ಚಿ ಹಿಂಬದಿ ನೋಡುವುದು. ಪೃಷ್ಠದ ಸೀಳು ನೇರವಾಗಿದೆಯೇ, ಒಂದು ಕಡೆಗೆ ವಾಲಿದೆಯೇ? ಒಂದು ಪಕ್ಕ ಚಪ್ಪಟೆಯೇ? ಸೀಳಿನ ಮೇಲೆ ಕೂದಲ ಗೊಂಚಲು, ಕೆಂಪು ಮಚ್ಚೆ, ಮೆತ್ತನೆಯ ಉಬ್ಬು ಇದೆಯೇ? ನಡೆಯುವ ಮಗುವಾದರೆ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಬೇಕು. ನೆಲದ ಮೇಲೆ ಆಟಿಕೆಯೊಂದನ್ನು ಬೀಳಿಸಿ ಎತ್ತಿಕೊಡು ಎನ್ನಬೇಕು. ಬೆನ್ನು ಸರಿಯಿರುವ ಮಗು ಯೋಚಿಸದೆ ಬಗ್ಗಿ ಎತ್ತುತ್ತದೆ. ಬೆನ್ನು ಬಿಗಿದುಕೊಂಡ ಮಗು ಬೆನ್ನನ್ನು ಕೋಲಿನಂತೆ ನೆಟ್ಟಗಿಟ್ಟು, ಒಂದು ಕೈಯನ್ನು ತೊಡೆಗೆ ಊರಿ, ಮಂಡಿ ಮಡಿಸಿ ಕುಕ್ಕರಿಸಿ ಆಟಿಕೆಗೆ ಕೈ ಚಾಚುತ್ತದೆ. ಎದ್ದೇಳುವಾಗಲೂ ತೊಡೆಯೇ ಊರುಗೋಲು. ಇದಕ್ಕೆ ಎರಡು ನಿಮಿಷ ಸಾಕು. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಆ ಎರಡು ನಿಮಿಷವೇ ದುಬಾರಿ ಎಂಬುದೂ ನಿಜ.

ಬೆರಳು ಹಾಕಿ ನೋಡಬೇಕೇ?

ಇಲ್ಲಿ ವೈದ್ಯರಲ್ಲೇ ಎರಡು ಪಕ್ಷಗಳಿವೆ. ಗುದನಾಳದ ಹಿಂದಿನ ಗಡ್ಡೆಗಳಲ್ಲಿ ಬಹಳಷ್ಟನ್ನು ಗ್ಲೌಸು ಹಾಕಿದ ಬೆರಳೊಂದು ಮುಟ್ಟಿ ಗುರುತಿಸಬಲ್ಲದು ಎನ್ನುತ್ತಾರೆ ಶಸ್ತ್ರಚಿಕಿತ್ಸಕರು. ಗುದನಾಳದ ಹಿಂಗೋಡೆ ಒಳಕ್ಕೆ ಉಬ್ಬಿರುವುದು ಬೆರಳಿಗೆ ಸಿಗುತ್ತದೆ. ಸ್ನಾಯು ಸಡಿಲವಾಗಿದೆಯೇ ಎಂಬುದೂ ತಿಳಿಯುತ್ತದೆ. ಯಂತ್ರ ಬೇಡ, ಅರಿವಳಿಕೆ ಬೇಡ.

ಮಕ್ಕಳ ಜೀರ್ಣಾಂಗ ತಜ್ಞರ ನಿಲುವು ಬೇರೆ. ಯುರೋಪ್ ಮತ್ತು ಉತ್ತರ ಅಮೆರಿಕದ ಈ ತಜ್ಞರ ಸಂಘಗಳು 2014ರಲ್ಲಿ ಜಂಟಿಯಾಗಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಲಕ್ಷಣಗಳು ಸಾಮಾನ್ಯ ಮಲಬದ್ಧತೆಯ ಚೌಕಟ್ಟಿಗೆ ಸ್ಪಷ್ಟವಾಗಿ ಹೊಂದುತ್ತಿದ್ದರೆ ಎಲ್ಲ ಮಕ್ಕಳಿಗೂ ಬೆರಳಿನ ಪರೀಕ್ಷೆ ಬೇಕಿಲ್ಲ. ಅನುಮಾನವಿದ್ದರೆ, ಎಚ್ಚರಿಕೆಯ ಚಿಹ್ನೆಗಳಿದ್ದರೆ ಮಾತ್ರ ಬೇಕು. ಅವರ ವಾದಕ್ಕೂ ತೂಕವಿದೆ. ಮಲಬದ್ಧತೆಯ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಅಂಗಾಂಗದ ಯಾವ ದೋಷವೂ ಇರುವುದಿಲ್ಲ. ಉಳಿದವರಲ್ಲೂ ಥೈರಾಯ್ಡ್, ಕರುಳಿನ ನರದ ಕೊರತೆ, ಹಾಲಿನ ಅಲರ್ಜಿಯಂಥ ಕಾರಣಗಳಿರುತ್ತವೆ. ಗಡ್ಡೆ ಆ ಸಾಲಿನ ಕೊನೆಯಲ್ಲೆಲ್ಲೋ ನಿಂತಿದೆ. ಮಲ ವಿಸರ್ಜನೆಗೇ ಹೆದರಿ ಬಿಗಿಹಿಡಿಯುವ ಮಗುವಿಗೆ ಬೆರಳಿನ ಪರೀಕ್ಷೆ ಮಾಡಿದರೆ ಆ ಹೆದರಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ರೋಗ ಹುಡುಕಲು ಹೋಗಿ ರೋಗ ಬೆಳೆಸಿದಂತಾಗುತ್ತದೆ.

ಇವೆರಡು ಪಕ್ಷಗಳು ಎದುರುಬದುರು ನಿಂತಂತೆ ಕಂಡರೂ, ಮಾತಾಡುತ್ತಿರುವುದು ಬೇರೆ ಬೇರೆ ಮಕ್ಕಳ ಬಗ್ಗೆ. ಮೊದಲ ಸಲ ಬಂದ ಮಗುವಿಗೆ ಎರಡನೆಯವರ ಮಾತು ಸರಿ. ಔಷಧ ಸರಿಯಾಗಿ ಕೊಟ್ಟೂ ಮೂರನೇ ಸಲ ಬಂದ ಮಗುವಿಗೆ, ಹುಟ್ಟಿದ ಮೊದಲ ವಾರಗಳಿಂದಲೇ ಮಲಬದ್ಧತೆ ಇರುವ ಮಗುವಿಗೆ, ರಿಬ್ಬನ್ನಿನಂತೆ ಚಪ್ಪಟೆ ಮಲ ಹೋಗುವ ಮಗುವಿಗೆ ಮೊದಲನೆಯವರ ಮಾತು ಸರಿ. ಮಾರ್ಗಸೂಚಿಯ 'ಎಲ್ಲರಿಗೂ ಬೇಡ' ಎಂಬುದು ಬಳಕೆಯಲ್ಲಿ 'ಯಾರಿಗೂ ಬೇಡ' ಎಂದಾಗಿಬಿಡುವುದೇ ನಿಜವಾದ ತೊಂದರೆ.

ಎಲ್ಲರಿಗೂ ಎಂಆರ್‌ಐ ಏಕಿಲ್ಲ

ಎಂಆರ್‌ಐ ಈ ಜಾಗಕ್ಕೆ ಅತ್ಯುತ್ತಮ ಪರೀಕ್ಷೆ ಎಂಬುದರಲ್ಲಿ ತಕರಾರಿಲ್ಲ. ಪಕ್ಕದಿಂದ ಸೀಳಿದಂತೆ ತೆಗೆದ ಒಂದೇ ಚಿತ್ರದಲ್ಲಿ ಮೂತ್ರಕೋಶ, ಗುದನಾಳ, ತ್ರಿಕಾಸ್ಥಿ ಎಲ್ಲ ಸಾಲಾಗಿ ನಿಂತಿರುತ್ತವೆ. ಗಡ್ಡೆ ಮೂಳೆಯಿಂದ ಹೊರಟಿದೆಯೋ, ನರದಿಂದಲೋ, ಇವೆರಡಕ್ಕೂ ಸಂಬಂಧವಿಲ್ಲದೆ ಮುಂದೆ ಕುಳಿತಿದೆಯೋ ಎಂದು ಬೇರ್ಪಡಿಸಬಹುದು. ವಿಕಿರಣವೂ ಇಲ್ಲ.

ಆದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು. ಎರಡು ಮೂರು ವರ್ಷದ ಮಗುವಿಗೆ ಅರಿವಳಿಕೆ ಅಥವಾ ಮಂಪರು ಔಷಧವಿಲ್ಲದೆ ಅದು ಆಗುವ ಮಾತಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಪದೇ ಪದೇ ಅಥವಾ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಹೊರಡಿಸಿತು. ಒಂದೇ ಸಲದ, ಕಡಿಮೆ ಹೊತ್ತಿನ ಅರಿವಳಿಕೆಯಿಂದ ಬುದ್ಧಿಬೆಳವಣಿಗೆಗೆ ಹಾನಿ ಕಂಡುಬಂದಿಲ್ಲ ಎಂದು ನಂತರದ ಅಧ್ಯಯನಗಳು ಸಮಾಧಾನ ಹೇಳಿವೆ. ಹಾಗಾಗಿ ಬೇಕಾದಾಗ ಹೆದರಬೇಕಿಲ್ಲ. ಬೇಡದಾಗ ಮಾಡಿಸಲೂಬಾರದು.

ಇನ್ನೊಂದು ತೊಡಕು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆರೋಗ್ಯವಂತ ಮಕ್ಕಳ ಬೆನ್ನಿನ ಚಿತ್ರ ತೆಗೆದರೂ ಏನಾದರೊಂದು ಸಿಗುತ್ತದೆ: ನರಕಟ್ಟಿನ ದಾರದಲ್ಲಿ ಕೊಬ್ಬಿನ ಗೆರೆ, ನರದ ಬುಡದಲ್ಲಿ ನೀರಗುಳ್ಳೆ, ಬೆನ್ನುಹುರಿಯ ತುದಿಯಲ್ಲಿ ಚಿಕ್ಕ ಪೊಳ್ಳು. ಬಹುಪಾಲು ನಿರುಪದ್ರವಿ. ಆದರೆ ವರದಿಯಲ್ಲಿ ಹೆಸರು ಬಂತೆಂದರೆ ಅದು ರೋಗವಾಗುತ್ತದೆ. ಮರುಸ್ಕ್ಯಾನ್, ಎರಡನೇ ಅಭಿಪ್ರಾಯ, ಒಮ್ಮೊಮ್ಮೆ ಬೇಡದ ಶಸ್ತ್ರಚಿಕಿತ್ಸೆ. ಸಾವಿರಾರು ಮಕ್ಕಳಲ್ಲಿ ಒಂದು ಗಡ್ಡೆ ಹುಡುಕಲು ಹೊರಟು ಹತ್ತಾರು ಸುಳ್ಳು ಸುಳಿವುಗಳ ಹಿಂದೆ ಓಡಿದಂತೆ.

ಬೆನ್ನಿನ ಕುಳಿಯ ವಿಷಯವೂ ಇದೇ. ಪೃಷ್ಠದ ಸೀಳಿನೊಳಗೆ ಪುಟ್ಟ ಕುಳಿ ಇರುವ ಶಿಶುಗಳು ಸಾಕಷ್ಟು. ಗುದದ್ವಾರದಿಂದ 2.5 ಸೆಂಟಿಮೀಟರಿನೊಳಗೆ, ನಡುಗೆರೆಯಲ್ಲಿ, 5 ಮಿಲಿಮೀಟರಿಗಿಂತ ಚಿಕ್ಕದಾಗಿ, ಬೇರೆ ಗುರುತುಗಳಿಲ್ಲದೆ ಇದ್ದರೆ ಸ್ಕ್ಯಾನ್ ಬೇಕಿಲ್ಲ. ಅದಕ್ಕಿಂತ ಮೇಲಿದ್ದರೆ, ದೊಡ್ಡದಿದ್ದರೆ, ಜೊತೆಗೆ ಕೂದಲೋ ಮಚ್ಚೆಯೋ ಇದ್ದರೆ ಬೇಕು. ಮೊದಲ ಮೂರು ನಾಲ್ಕು ತಿಂಗಳಲ್ಲಾದರೆ ಅಲ್ಟ್ರಾಸೌಂಡ್ ಸಾಕಾಗುತ್ತದೆ. ಬೆನ್ನೆಲುಬಿನ ಹಿಂಬದಿ ಆಗ ಇನ್ನೂ ಮೆತ್ತಗಿದ್ದು, ಶಬ್ದದ ಅಲೆಗೆ ದಾರಿ ಬಿಡುತ್ತದೆ. ಮೂಳೆ ಗಟ್ಟಿಯಾದಂತೆ ಆ ಕಿಟಕಿ ಮುಚ್ಚುತ್ತದೆ.

ಹಾಗಾದರೆ ಎಂಆರ್‌ಐ ಯಾರಿಗೆ? ಒಂದೇ ದೂರಿದ್ದರೆ ಸ್ವಲ್ಪ ಕಾಯಬಹುದು, ಎರಡು ದೂರುಗಳು ಕೂಡಿದರೆ ಕಾಯಬಾರದು ಎಂಬುದು ಒರಟಾದರೂ ಉಪಯುಕ್ತ ಅಳತೆ. ಮಲಬದ್ಧತೆಯ ಜೊತೆಗೆ, ಒಣಗಿದ ಹಾಸಿಗೆಯಲ್ಲಿ ಏಳುತ್ತಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ. ಬೆನ್ನುನೋವಿನ ಜೊತೆಗೆ ಕುಂಟು ನಡಿಗೆ ಬಂದರೆ. ಮೂತ್ರದ ಸೋಂಕಿನ ಜೊತೆಗೆ ಒಂದು ಪಾದ ತೆಳ್ಳಗಾಗಿ ಕಂಡರೆ. ಕೆಲವು ದೂರುಗಳು ಒಂಟಿಯಾಗಿ ಬಂದರೂ ಸಾಕು: ನಿದ್ದೆಯಿಂದ ಎಬ್ಬಿಸುವ ನೋವು, ಐದು ವರ್ಷದೊಳಗಿನ ಮಗುವಿನ ಪಟ್ಟುಬಿಡದ ಬೆನ್ನುನೋವು, ನೋವಿನಿಂದ ಕೂಡಿ ಹೊಸದಾಗಿ ಕಂಡ ಬೆನ್ನಿನ ಓರೆ. ಮೂತ್ರ ಕಟ್ಟಿ, ತೊಡೆಸಂದಿ ಮರಗಟ್ಟಿ, ಕಾಲು ಸೋತರೆ ಅದು ಅದೇ ದಿನ ಆಸ್ಪತ್ರೆಗೆ ಓಡಬೇಕಾದ ತುರ್ತು.

ಹೆದರಿಸುವ ಒಂದು ಸಂಖ್ಯೆ

ಗಡ್ಡೆ ಕಂಡ ಮೇಲೆ ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಟೆರಟೋಮಾದೊಳಗೆ ಯೋಕ್ ಸ್ಯಾಕ್ ಎಂಬ ಕ್ಯಾನ್ಸರ್ ಕೋಶಗಳಿದ್ದರೆ ಈ ಪ್ರೋಟೀನ್ ಏರುತ್ತದೆ. ವರದಿಯ ಪಕ್ಕದ ಕಂಬದಲ್ಲಿ 'ಹತ್ತಕ್ಕಿಂತ ಕಡಿಮೆ ಇರಬೇಕು' ಎಂಬಂಥ ಮಿತಿ ಅಚ್ಚಾಗಿರುತ್ತದೆ, ಶಿಶುವಿನ ಅಂಕಿ ನಲವತ್ತು ಐವತ್ತು ಸಾವಿರ. ತಂದೆತಾಯಿಯ ಎದೆ ಒಡೆಯುತ್ತದೆ.

ಆ ಮಿತಿ ದೊಡ್ಡವರದು. ಭ್ರೂಣದ ಯಕೃತ್ತು ಈ ಪ್ರೋಟೀನನ್ನು ಧಾರಾಳವಾಗಿ ತಯಾರಿಸುತ್ತದೆ, ಹುಟ್ಟಿದ ದಿನ ಆರೋಗ್ಯವಂತ ಶಿಶುವಿನಲ್ಲೂ ಹತ್ತಾರು ಸಾವಿರ ಇರುತ್ತದೆ. ಮೊದಲ ದಿನಗಳಲ್ಲಿ ಐದಾರು ದಿನಕ್ಕೊಮ್ಮೆ ಅರ್ಧವಾಗುತ್ತ, ಆಮೇಲೆ ನಿಧಾನವಾಗುತ್ತ, ದೊಡ್ಡವರ ಮಟ್ಟಕ್ಕೆ ಬರಲು ಎಂಟು ತಿಂಗಳಿಂದ ಒಂದು ವರ್ಷ ಬೇಕು. ಹಾಗಾಗಿ ಮೊದಲ ತಿಂಗಳುಗಳಲ್ಲಿ ಒಂದು ಅಂಕಿಯಿಂದ ಏನೂ ಹೇಳಲಾಗದು. ಎರಡು ಮೂರು ವಾರಗಳ ಅಂತರದ ಅಂಕಿಗಳನ್ನು ಒಂದೇ ಕಾಗದದ ಮೇಲೆ ಬರೆದು, ಗೆರೆ ಇಳಿಯುತ್ತಿದೆಯೋ ನಿಂತಿದೆಯೋ ಏರುತ್ತಿದೆಯೋ ನೋಡಬೇಕು. ಎರಡು ವರ್ಷದ ಮಗುವಿನಲ್ಲಿ ಸಾವಿರ ಎಂಬುದು ಅಪಾಯದ ಗಂಟೆ, ಹತ್ತು ದಿನದ ಕೂಸಿನಲ್ಲಿ ಅದೇ ಸಾವಿರ ಚಿಂತೆಯ ವಿಷಯವೇ ಅಲ್ಲ. ನ್ಯೂರೋಬ್ಲಾಸ್ಟೋಮಾದ ಅನುಮಾನವಿದ್ದರೆ ಪರೀಕ್ಷೆ ಬೇರೆ: ಕ್ಯಾಟೆಕಾಲಮೈನ್ ಎಂಬ ರಾಸಾಯನಿಕಗಳು ಒಡೆದು ಮೂತ್ರದಲ್ಲಿ ಹೊರಬೀಳುವ ಅಂಶಗಳನ್ನು ಅಳೆಯುತ್ತಾರೆ. ಬಯಾಪ್ಸಿಗೆ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಮುಂಚೆಯೇ ಈ ಎರಡೂ ಕೈಯಲ್ಲಿದ್ದರೆ ಎಷ್ಟೋ ಗೊಂದಲ ತಪ್ಪುತ್ತದೆ.

ಸೂಜಿ ಯಾರು, ಎಲ್ಲಿಂದ ಚುಚ್ಚಬೇಕು

'ಗಡ್ಡೆ ಇದ್ದರೆ ಮೊದಲು ಚೂರು ತೆಗೆದು ಪರೀಕ್ಷಿಸಿ' ಎಂಬುದು ಸಾಮಾನ್ಯ ತಿಳಿವಳಿಕೆ. ಇಲ್ಲಿ ಅದು ಮೂರು ಕಡೆ ಕೈಕೊಡುತ್ತದೆ.

ನವಜಾತ ಶಿಶುವಿನ ಹೊರಗಿನ ಟೆರಟೋಮಾಕ್ಕೆ ಬಯಾಪ್ಸಿ ಸಾಮಾನ್ಯವಾಗಿ ಬೇಡ. ಅದನ್ನು ಬಾಲಮೂಳೆಯ ಸಮೇತ ಇಡಿಯಾಗಿ ತೆಗೆಯುತ್ತಾರೆ. ಬಾಲಮೂಳೆಯನ್ನು ಉಳಿಸಿದಾಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಗಡ್ಡೆಗಳು ಮರಳಿದ್ದನ್ನು ರಾಬರ್ಟ್ ಗ್ರಾಸ್ ಮತ್ತು ಸಂಗಡಿಗರು 1951ರಲ್ಲೇ ತೋರಿಸಿದ್ದರು.

ಎರಡನೆಯದು ಕುರಾರಿನೋ ಲಕ್ಷಣಕೂಟ. 1981ರಲ್ಲಿ ಗುಯಿಡೋ ಕುರಾರಿನೋ ವಿವರಿಸಿದ ಇದರಲ್ಲಿ ಮೂರು ದೋಷಗಳು ಜೊತೆಯಾಗುತ್ತವೆ. ತ್ರಿಕಾಸ್ಥಿ ಒಂದು ಕಡೆ ಪೂರ್ತಿ ಬೆಳೆಯದೆ ಕುಡುಗೋಲಿನಂತೆ ಬಾಗಿರುತ್ತದೆ, ಗುದದ್ವಾರ ಕಿರಿದಾಗಿರುತ್ತದೆ, ಮೂಳೆಯ ಮುಂದೆ ಒಂದು ಗಡ್ಡೆ ಇರುತ್ತದೆ. ಎಂಎನ್‌ಎಕ್ಸ್1 ಎಂಬ ಜೀನಿನ ದೋಷದಿಂದ ಮನೆತನದಲ್ಲಿ ಹರಿದುಬರಬಹುದು. ಮಗುವಿಗೆ ಪತ್ತೆಯಾದ ಮೇಲೆ ತಂದೆಗೋ ತಾಯಿಗೋ ಸೌಮ್ಯ ರೂಪದಲ್ಲಿ ಇದ್ದದ್ದು ಹೊರಬೀಳುವುದುಂಟು. ಮುಖ್ಯ ಮಾತೆಂದರೆ, ಆ 'ಗಡ್ಡೆ' ಎಷ್ಟೋ ಸಲ ಬೆನ್ನುಹುರಿಯ ನೀರಿನ ಚೀಲ. ಗುದನಾಳದ ಮೂಲಕ ಅದಕ್ಕೆ ಸೂಜಿ ಚುಚ್ಚಿದರೆ ಕರುಳಿನ ಬ್ಯಾಕ್ಟೀರಿಯಾ ನೇರವಾಗಿ ಬೆನ್ನುಹುರಿಯ ನೀರಿಗೆ ಸೇರುತ್ತದೆ, ಮೆನಿಂಜೈಟಿಸ್ ಬರುತ್ತದೆ. ಎಂಆರ್‌ಐ ನೋಡದೆ ಇಲ್ಲಿ ಸೂಜಿ ಎತ್ತಬಾರದು ಎಂಬುದಕ್ಕೆ ಇದೊಂದೇ ಕಾರಣ ಸಾಕು.

ಮೂರನೆಯದು ಮೂಳೆಯ ಗಡ್ಡೆಗಳು. ಕಾರ್ಡೋಮಾದಂಥವುಗಳ ಕೋಶಗಳು ಸೂಜಿ ಹೋದ ದಾರಿಯಲ್ಲೇ ಬೀಜ ಬಿತ್ತಿದಂತೆ ಉಳಿಯಬಲ್ಲವು. ಹಾಗಾಗಿ ಸೂಜಿ ಹಿಂದಿನಿಂದ ಹೋಗಬೇಕು, ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಆ ದಾರಿಯನ್ನೂ ಕತ್ತರಿಸಿ ತೆಗೆಯುವಂತಿರಬೇಕು. ಅಂದರೆ ಬಯಾಪ್ಸಿಯ ಜಾಗ ಗುರುತಿಸಬೇಕಾದವರು ಕೊನೆಯ ಶಸ್ತ್ರಚಿಕಿತ್ಸೆ ಮಾಡುವ ತಂಡದವರೇ. ಹತ್ತಿರದಲ್ಲೇ ಬೇಗ ಮುಗಿಸಿಬಿಡೋಣ ಎಂಬ ಆತುರ ಅರ್ಥವಾಗುವಂಥದ್ದು. ಆದರೆ ಬೆನ್ನಿನ ಬುಡದ ಮಟ್ಟಿಗೆ, ನರ ಸೋಲುತ್ತಿಲ್ಲವಾದರೆ, ಒಂದು ವಾರ ತಡವಾದ ಸರಿಯಾದ ಬಯಾಪ್ಸಿ ನಾಳೆಯೇ ಆಗುವ ತಪ್ಪು ಬಯಾಪ್ಸಿಗಿಂತ ಮೇಲು.

ವರದಿ ಬದಲಾದರೆ

ಚೂರು ಸೂಕ್ಷ್ಮದರ್ಶಕದಡಿ ಹೋದ ಮೇಲೂ ಕತೆ ನೆಟ್ಟಗಿರುವುದಿಲ್ಲ. ಯೂಯಿಂಗ್ ಸಾರ್ಕೋಮಾ, ನ್ಯೂರೋಬ್ಲಾಸ್ಟೋಮಾ, ಲಿಂಫೋಮಾ ಎಲ್ಲವೂ ಬಣ್ಣ ಹಾಕಿದ ಗಾಜಿನ ಮೇಲೆ ದುಂಡಗಿನ ಪುಟ್ಟ ನೀಲಿ ಕೋಶಗಳೇ. ಬೇರ್ಪಡಿಸಲು ಪ್ರೋಟೀನ್ ಬಣ್ಣಗಳು, ಜೀನ್ ಪರೀಕ್ಷೆಗಳು ಬೇಕು. ಯೂಯಿಂಗ್‌ನಲ್ಲಿ ಇಡಬ್ಲ್ಯುಎಸ್‌ಆರ್1 ಜೀನು ಇನ್ನೊಂದರ ಜೊತೆ ಬೆಸೆದಿರುವುದು, ಕಾರ್ಡೋಮಾದಲ್ಲಿ ಬ್ರಾಕಿಯೂರಿ ಎಂಬ ಪ್ರೋಟೀನ್ ಹೊಳೆಯುವುದು ಇಂಥ ಗುರುತುಗಳು. ಮಕ್ಕಳ ಕಾರ್ಡೋಮಾಗಳಲ್ಲಿ ಕೆಲವು ಎಸ್‌ಎಂಎಆರ್‌ಸಿಬಿ1 ಎಂಬ ಪ್ರೋಟೀನನ್ನು ಕಳೆದುಕೊಂಡು ಹೆಚ್ಚು ಉಗ್ರವಾಗಿ ವರ್ತಿಸುತ್ತವೆ. ಅದನ್ನು ನೋಡದೆ ಹೋದರೆ ಬೇರೆಯದೇ ಹೆಸರು ಅಂಟುವ ಸಾಧ್ಯತೆಯಿದೆ. ಮೊದಲ ವರದಿಗೂ ಅಂತಿಮ ವರದಿಗೂ ವ್ಯತ್ಯಾಸ ಬಂದರೆ ಯಾರೋ ಮೋಸ ಮಾಡಿದರು ಎಂದರ್ಥವಲ್ಲ.

ಎಪೆಂಡಿಮೋಮಾದ ಗೊಂದಲ ಇನ್ನೂ ವಿಚಿತ್ರ. ಮಿಕ್ಸೋಪ್ಯಾಪಿಲ್ಲರಿ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ದಶಕಗಳ ಕಾಲ ಗ್ರೇಡ್ 1 ಎಂದಿತ್ತು. 2021ರಲ್ಲಿ ಗ್ರೇಡ್ 2ಕ್ಕೆ ಏರಿಸಿತು. ಹಳೆಯ ಕಡತ, ಹೊಸ ಕಡತ ಪಕ್ಕಪಕ್ಕ ಇಟ್ಟ ಮನೆಯವರಿಗೆ ರೋಗ ಉಲ್ಬಣಿಸಿತು ಎನಿಸುತ್ತದೆ. ಗಡ್ಡೆ ಅದೇ, ಅಳತೆಗೋಲು ಬದಲಾಗಿದೆ. ಬದಲಾಯಿಸಿದ್ದಕ್ಕೆ ಕಾರಣವಿದೆ: ಇದು ಮರಳುವ ಪ್ರಮಾಣ ಸಾಮಾನ್ಯ ಎಪೆಂಡಿಮೋಮಾಕ್ಕೆ ಹತ್ತಿರವೇ ಇದೆ. ಮಕ್ಕಳಲ್ಲಂತೂ ಬೆನ್ನುಹುರಿಯ ನೀರಿನ ಮೂಲಕ ಮೇಲಿನ ಜಾಗಗಳಿಗೆ ಹರಡುವುದು ದೊಡ್ಡವರಿಗಿಂತ ಹೆಚ್ಚು. ಹಾಗಾಗಿ ಸೊಂಟದ ಗಡ್ಡೆಗೆ ತಲೆಯಿಂದ ಬಾಲದವರೆಗೆ ಎಂಆರ್‌ಐ ಬೇಕು ಎಂದರೆ ಅದು ಬಿಲ್ ಹೆಚ್ಚಿಸುವ ತಂತ್ರವಲ್ಲ.

ತೆಗೆದ ಮೇಲಿನ ವರ್ಷಗಳು

ಹುಟ್ಟಿದಾಗಲೇ ಸಿಕ್ಕ ಟೆರಟೋಮಾವನ್ನು ಪೂರ್ತಿ ತೆಗೆದರೆ ಫಲಿತಾಂಶ ಬಹಳ ಒಳ್ಳೆಯದು. ಕ್ಯಾನ್ಸರ್ ರೂಪಕ್ಕೂ ಪ್ಲಾಟಿನಂ ಮೂಲದ ಕಿಮೋಥೆರಪಿ ಬಂದ ಮೇಲೆ ಚಿತ್ರ ಬದಲಾಗಿದೆ, ಹರಡಿದ ಮಕ್ಕಳಲ್ಲೂ ಬಹುಪಾಲು ಉಳಿಯುತ್ತಾರೆ. ಮೂಳೆಯ ಕ್ಯಾನ್ಸರುಗಳ ಮಾತು ಬೇರೆ. ಯೂಯಿಂಗ್ ಗಡ್ಡೆ ಸೊಂಟದ ಭಾಗದಲ್ಲಿ ಬಂದರೆ ಕೈಕಾಲಿನದ್ದಕ್ಕಿಂತ ಕಷ್ಟ. ದೊಡ್ಡದಾಗುವವರೆಗೆ ಅಡಗಿರಲು ಅಲ್ಲಿ ಜಾಗವಿದೆ, ನರ ಉಳಿಸಿಕೊಂಡು ತೆಗೆಯಲು ಜಾಗವಿಲ್ಲ. ತಡವಾದ ಪತ್ತೆಯ ಬೆಲೆಯನ್ನು ಎಷ್ಟೋ ಸಲ ಜೀವದ ಬದಲು ಮೂತ್ರಕೋಶ ತೆರುತ್ತದೆ. ಕೆಲವು ವಾರ ಅಮುಕಿಕೊಂಡಿದ್ದ ನರ ಗಡ್ಡೆ ಹೋದ ಮೇಲೂ ಪೂರ್ತಿ ಎಚ್ಚರಗೊಳ್ಳದಿರಬಹುದು. ಆಗ ಮಗು ದಿನಕ್ಕೆ ನಾಲ್ಕೈದು ಸಲ ನಳಿಕೆಯಿಂದ ಮೂತ್ರ ತೆಗೆದುಕೊಳ್ಳುವುದನ್ನು ಕಲಿಯಬೇಕಾಗುತ್ತದೆ.

ಟೆರಟೋಮಾ ಮರಳುವುದಾದರೆ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲಿ. ಹಾಗಾಗಿ 'ಕ್ಯಾನ್ಸರ್ ಅಲ್ಲ' ಎಂಬ ವರದಿ ಕೈಗೆ ಬಂದ ಕೂಸನ್ನೂ ಕೆಲವು ತಿಂಗಳಿಗೊಮ್ಮೆ ಕರೆಸಿ ಆಲ್ಫಾ ಫೀಟೋಪ್ರೋಟೀನ್ ಅಳೆಯುತ್ತಾರೆ, ಹಿಂಬದಿ ನೋಡುತ್ತಾರೆ, ಬೆರಳು ಹಾಕಿ ಪರೀಕ್ಷಿಸುತ್ತಾರೆ. ಮಗು ಚುರುಕಾಗಿ ಓಡಾಡತೊಡಗಿದ ಮೇಲೆ ಈ ಭೇಟಿಗಳು ನಿಲ್ಲುವುದು ಸಾಮಾನ್ಯ, ಅಷ್ಟು ದೂರ ಹೋಗಿ ರಕ್ತ ಕೊಟ್ಟು ಬರುವುದು ವ್ಯರ್ಥ ಎನಿಸುತ್ತದೆ. ಒಳಗೆ ಮರಳಿದ ಗಡ್ಡೆಯ ಮೊದಲ ದೂರೂ ಮಲಬದ್ಧತೆಯೇ ಆಗಿರಬಹುದು. ಆ ದಿನ ಹೊಸ ವೈದ್ಯರ ಮುಂದೆ ಕೂತವರು, ಹುಟ್ಟಿದ ವಾರದಲ್ಲಿ ಒಂದು ಶಸ್ತ್ರಚಿಕಿತ್ಸೆ ಆಗಿತ್ತು ಎಂಬ ಸಾಲನ್ನು ಹೊಟ್ಟೆಯ ದೂರಿಗಿಂತ ಮೊದಲು ಹೇಳಬೇಕು, ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಮೇಜಿನ ಮೇಲಿಡಬೇಕು.